ಅನ್ನನಾಳದ ಒಳನೋಟ



ನಾವು ಉಂಡ ತುತ್ತು ಗಂಟಲಿನಿಂದ ಜಠರಕ್ಕೆ ಇಳಿಯುವ ಹಾದಿಯೇ ಅನ್ನನಾಳ. ಬೆಳೆದವರಲ್ಲಿ ಅದರ ಉದ್ದ ಸುಮಾರು 25 ಸೆಂಟಿಮೀಟರು. ಅದರ ಒಳಗನ್ನು ಕಣ್ಣಾರೆ ಕಾಣಲು 1868ರಲ್ಲಿ ಜರ್ಮನಿಯ ವೈದ್ಯ ಕುಸ್‌ಮೌಲರು ಕತ್ತಿ ನುಂಗುವ ಗಾರುಡಿಗನೊಬ್ಬನ ನೆರವು ಪಡೆದರು. ಜಾತ್ರೆಯಲ್ಲಿ ನಾವು ಬೆರಗಾಗಿ ನೋಡುವ ವಿದ್ಯೆ ವೈದ್ಯಕ್ಕೂ ಒದಗಿತಷ್ಟೆ! ನೆಟ್ಟನೆಯ ಕೊಳವೆ ಒಳಗಿಳಿಯಿತು. ಬೆಳಕು ಮಾತ್ರ ಸಾಲಲಿಲ್ಲ. ಮುಂದೆ ಅಮೆರಿಕದ ಷೆವಲಿಯರ್ ಜಾಕ್ಸನ್ನರು ಕೊಳವೆಯ ತುದಿಯಲ್ಲೇ ಪುಟ್ಟ ದೀಪವಿಟ್ಟರು. ಅನ್ನಮಾರ್ಗ, ಶ್ವಾಸಮಾರ್ಗಗಳಿಂದ ಅವರು ಹೊರತೆಗೆದ ಪಿನ್ನು, ನಾಣ್ಯ, ಎಲುಬು ಮೊದಲಾದ 2,000ಕ್ಕೂ ಮಿಕ್ಕ ವಸ್ತುಗಳ ಸಂಗ್ರಹ ಫಿಲಡೆಲ್ಫಿಯದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ.

ಇಂದಿನ ಕೊಳವೆ ಬಾಗುವಂಥದು, ತುದಿಯಲ್ಲಿ ಕ್ಯಾಮೆರಾ ಉಳ್ಳದ್ದು. ಉಪವಾಸವಿದ್ದವರ ಗಂಟಲಿಗೆ ಮರಗಟ್ಟಿಸುವ ಔಷಧವನ್ನು ಸಿಂಪಡಿಸಿ ಅದನ್ನು ಇಳಿಸುತ್ತಾರೆ. ಹುಣ್ಣು, ಗಂತಿಗಳು ಕಾಣುತ್ತವೆ. ಅನುಮಾನವಿದ್ದರೆ ಚೂರನ್ನು ಪರೀಕ್ಷೆಗೆ ತೆಗೆಯುತ್ತಾರೆ. ಕಿರಿದಾದ ಹಾದಿಯನ್ನು ಹಿಗ್ಗಿಸುತ್ತಾರೆ. ತುತ್ತು ಸಿಕ್ಕಿಕೊಳ್ಳುವುದು ದಿನದಿನವೂ ಹೆಚ್ಚುತ್ತಿದ್ದರೆ ಈ ಪರೀಕ್ಷೆಗೆ ನಾವು ಅಂಜಿ ಕಾಲ ಕಳೆಯಲಾಗದು.

ಮಗು ಏನನ್ನಾದರೂ ನುಂಗಿದರೆ ಬಾಳೆಹಣ್ಣು ತಿನ್ನಿಸಿ ಇಳಿಸುವ ರೂಢಿ ನಮ್ಮಲ್ಲುಂಟು. ಆದರೆ ಆಟಿಕೆಯ ಗುಂಡಿಯಾಕಾರದ ಬ್ಯಾಟರಿ ಸಿಲುಕಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು. ವಾಂತಿ ಮಾಡಿಸದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಎಕ್ಸ್‌ರೇಯಲ್ಲಿ ಅದು ನಾಣ್ಯವೆಂದೇ ತೋರಬಹುದಾದ್ದರಿಂದ, ಬ್ಯಾಟರಿಯ ಸಂದೇಹವನ್ನು ವೈದ್ಯರಿಗೆ ನಾವೇ ಮೊದಲು ತಿಳಿಸೋಣ. ಅದರ ಜೋಡಿ ಮನೆಯಲ್ಲಿದ್ದರೆ ಅದನ್ನೂ ಕೈಯಲ್ಲಿ ಹಿಡಿದು ಹೋಗೋಣ.