ವಿದ್ಯೆಯಲ್ಲಿ ಪಂಕ್ತಿಭೇದ



ನಮ್ಮ ಭಾಗದಲ್ಲಿ ಮಗುವನ್ನು ಕಂಡರೆ "ಎಷ್ಟನೆಯ ವರ್ಗ?" ಎಂದು ಕೇಳುತ್ತೇವೆ. ಬಡವರ್ಗ, ಮಧ್ಯಮವರ್ಗ, ಶ್ರೀಮಂತವರ್ಗ ಎಂದೂ ಹೇಳುತ್ತೇವೆ. ಶಾಲೆಯ ವರ್ಗಕ್ಕೂ ಸಮಾಜದ ವರ್ಗಕ್ಕೂ ಕನ್ನಡದಲ್ಲಿ ಒಂದೇ ಶಬ್ದ. ನಾವು ಪಾಠಶಾಲೆಯಲ್ಲಿ ಮೊದಲು ಕಲಿತದ್ದು ಮೂರನೆಯದೊಂದು ವರ್ಗ: ಕವರ್ಗ, ಚವರ್ಗ, ಟವರ್ಗ. ಕವರ್ಗ ಕಂಠದಲ್ಲಿ ಹುಟ್ಟುತ್ತದೆ, ಪವರ್ಗ ತುಟಿಯಲ್ಲಿ. ಕಂಠ ದೊಡ್ಡದು, ತುಟಿ ಸಣ್ಣದು ಎಂದು ಯಾವ ವೈಯಾಕರಣನೂ ಹೇಳಲಿಲ್ಲ. ಆದರೆ ಧಾತು ಮಾತ್ರ ಕಠಿಣವಾದದ್ದು. ವರ್ಗ ಶಬ್ದ ಬಂದದ್ದು ವೃಜ್ ಧಾತುವಿನಿಂದ. ವರ್ಜ್ಯ, ವರ್ಜನ ಎಂಬುವೂ ಅಲ್ಲಿಂದಲೇ ಬಂದವು. ಶಾಲೆ ಮಕ್ಕಳನ್ನು ವರ್ಗ ಮಾಡಿ ಕೂಡ್ರಿಸುತ್ತದೆ. ಹಾಗೆ ಕೂಡ್ರಿಸುವಾಗ ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ವರ್ಜಿಸುತ್ತದೆ? ಇಂದು ಇದನ್ನಷ್ಟು ವಿಚಾರ ಮಾಡೋಣ.

ಸಂಸ್ಕೃತವನ್ನೇ ಓದಿ ಬೆಳೆದವರು ನಾವು. ಆದರೂ ಹೇಳಲೇಬೇಕು: ಒಂದು ಕಾಲಕ್ಕೆ ಈ ಭಾಷೆಯನ್ನು ಬಾಗಿಲ ಅಗುಳಿ ಮಾಡಿಕೊಂಡಿದ್ದರು. ಹನ್ನೆರಡನೆಯ ಶತಮಾನದಲ್ಲಿ ಶರಣರು ಕಲ್ಯಾಣದಲ್ಲಿ ಕನ್ನಡದಲ್ಲಿ ಮಾತನಾಡಿದ್ದರಿಂದಲೇ ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಆಯ್ದಕ್ಕಿ ಲಕ್ಕಮ್ಮನವರು ಅನುಭವದ ಮಾತಿಗೆ ಕುಳಿತರು. ಕಾಯಕದವರು ಕುಳಿತ ಆ ಕೂಟವೂ ಒಂದು ವರ್ಗವೇ.

ಈಗ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲಕ್ಕೆ ಬರೋಣ. ಹಳ್ಳಿಯ ಶಾಲೆ ಮುಲ್ಕಿ ಪರೀಕ್ಷೆಗೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಧಾರವಾಡ, ಬೆಳಗಾವಿ, ವಿಜಾಪುರ. ಅಲ್ಲಿ ಖೋಲಿಗೆ ಬಾಡಿಗೆ ಬೇಕು, ಎರಡು ಹೊತ್ತು ರೊಟ್ಟಿ ಬೇಕು. ಬುದ್ಧಿಗೆ ಕೊರತೆ ಇರಲಿಲ್ಲ, ರೊಟ್ಟಿಗೆ ಇತ್ತು. ವಾರಾನ್ನಕ್ಕೆ ಮನೆ ಸಿಗದ ಒಕ್ಕಲಿಗರ ಹುಡುಗ ಬುತ್ತಿ ಮುಗಿದ ದಿನ ಊರಿಗೆ ತಿರುಗಿ ಬಂದು ರಂಟೆ ಹಿಡಿಯುತ್ತಿದ್ದ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ಹಿಂದುಳಿದವರೆಂದು ಎಣಿಸಲ್ಪಟ್ಟವರಲ್ಲಿ ಲಿಂಗಾಯತರೂ ಇದ್ದರು. ಇಂದಿನ ಇಂಜಿನಿಯರರಿಗೆ ಇದು ನೆನಪಿರಲಿಕ್ಕಿಲ್ಲ.

ಆ ಕೊರತೆಯನ್ನು ನೀಗಿಸಿದವರು ಯಾರು? ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಜನ ಅವರನ್ನು ಸಪ್ತರ್ಷಿಗಳೆಂದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದನಿಲಯ ನಡೆಸಿದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ, ಜಾತಿಮತ ಕೇಳದೆ, ಅನ್ನ, ವಸತಿ, ಅಕ್ಷರ ಮೂರನ್ನೂ ಕೊಟ್ಟರು. ಇವೆಲ್ಲ ನಡೆದದ್ದು ಜೋಳಿಗೆಗೆ ಬಿದ್ದ ಹಿಡಿಕಾಳಿನ ಮೇಲೆ. ತಮ್ಮ ಮಗ ಓದದಿದ್ದರೂ ಪರರ ಮಗ ಓದಲೆಂದು ತಾಯಂದಿರು ಆ ಕಾಳು ಹಾಕಿದರು. ಪ್ರಸಾದನಿಲಯದಲ್ಲಿ ಗೌಡರ ಮಗ, ಕೂಲಿಯವನ ಮಗ ಒಂದೇ ಸಾಲಿನಲ್ಲಿ ಕುಳಿತು ಒಂದೇ ಸಾರು ಉಂಡರು. ಪಂಕ್ತಿಭೇದವೆಂಬುದು ಅಲ್ಲಿ ಇರಲಿಲ್ಲ.

ಆ ಪಂಕ್ತಿಯಲ್ಲಿ ಉಂಡವರ ಮೊಮ್ಮಕ್ಕಳು ಇಂದು ಮುಂಜಾನೆ ಎಂಟಕ್ಕೆ ಹಳದಿ ವ್ಯಾನು ಹತ್ತಿ ಪೇಟೆಯ ಶಾಲೆಗೆ ಹೋಗುತ್ತಾರೆ. ಇಂಗ್ಲಿಷ್ ಕಲಿಯಲಿ, ನಾವು ಬೇಡವೆನ್ನುವುದಿಲ್ಲ. ಕೋರ್ಟು, ಕಂಪನಿ ಎಲ್ಲವೂ ಆ ಭಾಷೆಯಲ್ಲಿ ನಡೆಯುವಾಗ ತಂದೆತಾಯಿಗಳನ್ನು ಜರೆದು ಏನು ಪ್ರಯೋಜನ? ಆದರೆ ವ್ಯಾನು ಹೋದ ಮೇಲೆ ಊರ ಶಾಲೆಯಲ್ಲಿ ಉಳಿಯುವವರು ಯಾರೆಂದು ನೋಡಿರಿ. ಶಾಲೆಯ ಮೇಲ್ವಿಚಾರಣೆಗೆ ಎಸ್.ಡಿ.ಎಂ.ಸಿ. ಎಂಬ ಸಮಿತಿ ಉಂಟು; ಅಲ್ಲಿ ಓದುವ ಮಕ್ಕಳ ಪಾಲಕರೇ ಅದರ ಸದಸ್ಯರು. ಗೌಡರು, ಅಂಗಡಿಯವರು ಮಕ್ಕಳನ್ನು ತೆಗೆದುಕೊಂಡು ಹೋದರು. ಸಮಿತಿಯಲ್ಲಿ ಉಳಿದವರು ದಿನಗೂಲಿಯವರು. ಮಾಳಿಗೆ ಸೋರುತ್ತದೆಂದು ತಾಲೂಕು ಕಚೇರಿಗೆ ಹೋಗಬೇಕೆಂದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಹೋದರೂ ಸಾಹೇಬರ ಮುಂದೆ ಬಾಯಿ ಬಾರದು. ಹೀಗೆ ಶಾಲೆ ಸೋರುತ್ತದೆ; ಸೋರುತ್ತದೆಂದು ಇನ್ನಿಬ್ಬರು ಮಕ್ಕಳನ್ನು ಬಿಡಿಸುತ್ತಾರೆ. (ಸರಕಾರಿ ಶಾಲೆಯ ಮಾಸ್ತರರ ಮಕ್ಕಳೂ ಅದೇ ವ್ಯಾನಿನಲ್ಲಿರುತ್ತಾರೆ, ನಗಬೇಡಿರಿ, ಮುಂದಿನ ಸಾಲಿನಲ್ಲಿ ಅವರೂ ಕುಳಿತಿದ್ದಾರೆ.)

ಸರಕಾರಕ್ಕೆ ಇದು ತಿಳಿಯದ ಸಂಗತಿಯಲ್ಲ. ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಓದಬೇಕೆಂದು ಕೊಠಾರಿ ಆಯೋಗ 1966ರಲ್ಲಿಯೇ ಹೇಳಿತು. ಶಿಕ್ಷಣ ಹಕ್ಕಿನ ಕಾಯಿದೆ 2009ರಲ್ಲಿ ಬಂದು ಖಾಸಗಿ ಶಾಲೆಗಳ ಮೊದಲ ವರ್ಗದಲ್ಲಿ ಶೇಕಡಾ 25 ಸ್ಥಾನ ಬಡ ಮಕ್ಕಳಿಗೆಂದಿತು. 2019ರಲ್ಲಿ ನಮ್ಮ ರಾಜ್ಯ ನಿಯಮ ತಿದ್ದಿತು. ಸನಿಹದಲ್ಲಿ ಸರಕಾರಿ ಶಾಲೆ ಇದ್ದರೆ ಆ ಸ್ಥಾನ ಕೊಡಬೇಕಾಗಿಲ್ಲವೆಂದಿತು. ಅದಕ್ಕೆ ಹಣಕಾಸಿನ ಕಾರಣಗಳಿದ್ದಾವು. ಎರಡು ಪಂಕ್ತಿ ಮಾತ್ರ ಹಾಗೆಯೇ ಉಳಿದವು.

ಕಳೆದ ವಾರ ನಾಲ್ಕು ಹಿರಿಯರು ಮಠಕ್ಕೆ ಬಂದಿದ್ದರು. "ಅಪ್ಪಾರ, ಮಠದ ಜಾಗಾದಾಗ ಒಂದು ದೊಡ್ಡ ಇಂಗ್ಲಿಷ್ ಶಾಲೆ ಮಾಡೋಣು. ಉಳ್ಳವರು ಫೀ ಕೊಡತಾರ, ಆ ರೊಕ್ಕದಾಗ ಪ್ರಸಾದನಿಲಯ ನಡೀತದ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಲೆಕ್ಕವೂ ಸರಿಯಾಗಿಯೇ ಇದೆ. ನಾವು ಕೇಳಿದ್ದು ಒಂದೇ: "ಪ್ರಸಾದನಿಲಯದ ಹುಡುಗರು ಆ ಶಾಲೆಯಲ್ಲಿ ಕೂಡ್ರುತ್ತಾರೋ?" ಅವರು ಒಬ್ಬರ ಮುಖ ಒಬ್ಬರು ನೋಡಿದರು. "ಅವರಿಗೆ ಬ್ಯಾರೆ ಮಾಡೋಣ್ರಿ" ಎಂದರು ಒಬ್ಬರು. ಒಂದೇ ಗುರುವಿನ ಅಂಗಳದಲ್ಲಿ ಒಂದು ಪಂಕ್ತಿಗೆ ತುಪ್ಪ, ಇನ್ನೊಂದು ಪಂಕ್ತಿಗೆ ಮಜ್ಜಿಗೆ! ಹಾಗಿದ್ದರೆ ಆ ಶಾಲೆ ಈ ಜಾಗದಲ್ಲಿ ಆಗುವುದಿಲ್ಲ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂಡ್ರುವುದಾದರೆ ನಾಳೆಯೇ ಭೂಮಿಪೂಜೆ ಮಾಡೋಣ. ಫೀ ಎಷ್ಟು ಕಡಿಮೆಯಾಗುತ್ತದೆಯೋ ಅಷ್ಟಕ್ಕೆ ನಾವು ಜೋಳಿಗೆ ಹಿಡಿಯುತ್ತೇವೆ.

ಬರುವ ಬುಧವಾರ ಮಧ್ಯಾಹ್ನ ನಾವು ಊರ ಸರಕಾರಿ ಶಾಲೆಗೆ ದಯಮಾಡಿಸುವವರಿದ್ದೇವೆ. ಆ ನಾಲ್ವರು ಹಿರಿಯರೂ ಬರಬೇಕು, ವ್ಯಾನಿನಲ್ಲಿ ಮಕ್ಕಳನ್ನು ಕಳಿಸುವವರೂ ಬರಬೇಕು. ಸರಕಾರ ಆ ಊಟಕ್ಕೆ ಅಕ್ಷರ ದಾಸೋಹವೆಂದು ಶರಣರ ಶಬ್ದವನ್ನೇ ಇಟ್ಟಿದೆ. ಮಕ್ಕಳ ಸಾಲಿನಲ್ಲಿ ಕುಳಿತುಕೊಳ್ಳೋಣ. ಉಂಡ ಮೇಲೆ ಮಾಳಿಗೆಯನ್ನು ನೋಡೋಣ. ಗೌಂಡಿಯವರು ಯಾರಾದರೂ ಇದ್ದರೆ ಅಳತೆಯ ಟೇಪು ತರಲಿ.