ಗುಡ್ಡ ಕಾಯುವ ವಿದ್ಯೆ

(ಹೂಲಿಯಲ್ಲಿ ಮಾಡಿದ ಭಾಷಣ)



ಹೂಲಿಗೆ ಬಂದವರು ಪಂಚಲಿಂಗೇಶ್ವರ ಗುಡಿ ನೋಡಿ ಹೋಗುತ್ತಾರೆ. ಸುತ್ತಲಿನ ಗುಡ್ಡದ ಕಡೆ ತಿರುಗಿ ನೋಡುವವರು ಕಡಿಮೆ. ಇಂದು ನಿಮ್ಮೊಂದಿಗೆ ಆ ಗುಡ್ಡದ ಮಾತು ಆಡಬೇಕೆಂದಿದ್ದೇನೆ.

ಮೊದಲು ನಮ್ಮದೇ ತಪ್ಪು ಹೇಳಿಬಿಡುತ್ತೇನೆ. ಒಂದು ಪರಿಸರ ದಿನಾಚರಣೆಗೆ ನಾವು ಕೆಲವರು ಗುಡ್ಡದ ಬುಡದಲ್ಲಿ ಸಸಿ ನೆಟ್ಟೆವು. ಫೋಟೋ ಆಯಿತು, ಚಹಾ ಆಯಿತು. ಯುಗಾದಿ ಹೊತ್ತಿಗೆ ಹೋಗಿ ನೋಡಿದರೆ ಆಸರೆಗೆ ಹುಗಿದ ಕೋಲುಗಳಷ್ಟೇ ಉಳಿದಿದ್ದವು. ಆಡು ಕಾಯುವವರನ್ನು ಬೈದೆವು. ಆಡು ಎಲ್ಲಿ ಮೇಯಬೇಕೆಂದು ನೆಡುವ ಮೊದಲು ಅವರನ್ನು ನಾವು ಕೇಳಿಯೇ ಇರಲಿಲ್ಲ!

ಕೇಳಿ ಮಾಡಿದವರೂ ಇದ್ದಾರೆ. ಕುಮಟಾ ತಾಲ್ಲೂಕಿನ ಹಳಕಾರದಲ್ಲಿ 1920ರ ದಶಕದಿಂದಲೇ ಗ್ರಾಮ ಅರಣ್ಯ ಪಂಚಾಯತಿ ಇದೆ. ಆಗ ಅವರೂ ನಾವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದೆವು. ತರಗೆಲೆ, ಉರುವಲು ಯಾವಾಗ, ಎಷ್ಟು ತರಬೇಕೆಂದು ಊರವರೇ ಗೊತ್ತುಮಾಡಿದರು, ಕಾವಲುಗಾರನನ್ನು ಇಟ್ಟರು. ಮುಂದೆ ಸರಕಾರ ಇಂಥ ಪಂಚಾಯತಿಗಳನ್ನು ರದ್ದು ಮಾಡಹೊರಟಾಗ ನ್ಯಾಯಾಲಯಕ್ಕೂ ಹೋದರು. ಅಲ್ಲಿ ಮಳೆ ಹೆಚ್ಚು, ನಮ್ಮಲ್ಲಿ ಕಡಿಮೆ, ನಿಜ. ಆದರೆ ನಿಯಮ ಬರೆಯಲು ಮಳೆ ಬೇಕಿಲ್ಲವಲ್ಲ.

ಕಾನೂನಿನ ಆಸರೆ ನಮಗೂ ಉಂಟು. ರಾಜ್ಯದಲ್ಲಿ 1993ರ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಬಂದವು. 2006ರ ಅರಣ್ಯ ಹಕ್ಕು ಕಾಯ್ದೆ, ತಲೆಮಾರುಗಳಿಂದ ಕಾಡನ್ನು ನೆಚ್ಚಿ ಬದುಕಿದ ಅರ್ಹ ಸಮುದಾಯಗಳಿಗೆ ಅದನ್ನು ಕಾಯುವ ಹಕ್ಕನ್ನೂ ಕೊಟ್ಟಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ದೇವರ ತಾಣಗಳನ್ನು ತಾವೇ ನಕ್ಷೆಯಲ್ಲಿ ಗುರುತಿಸಿದವರು. ಹುಲಿ ಸಂರಕ್ಷಿತ ಪ್ರದೇಶದ ಒಳಗಿದ್ದೂ 2011ರಲ್ಲಿ ಸಮುದಾಯ ಹಕ್ಕುಪತ್ರ ಪಡೆದರು. ಗುಡ್ಡ ಬಲ್ಲ ಹಿರಿಯರ ಜೊತೆ ಬರೆಯಬಲ್ಲ ಕಿರಿಯರು ಕೂತರೆ ಇಂಥ ಕೆಲಸ ಆಗುತ್ತದೆ.

ಹವಾಮಾನ ಬದಲಾವಣೆ ದೂರದ ಮಾತೇನಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಮನೆಗಳಿಗೆ ನುಗ್ಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ಖಾನಾಪುರದ ಕಡೆ ಸುರಿದ ಮಳೆಯ ಪ್ರವಾಹವನ್ನು ಹೂಲಿ ಗುಡ್ಡದ ಗಿಡ ತಡೆಯುವುದಿಲ್ಲ. ಹಾಗೆಂದು ಹೇಳಿದರೆ ಸುಳ್ಳಾದೀತು. ಆದರೆ ಹುಲ್ಲು, ಕಂಟಿ ಇದ್ದರೆ ನಮ್ಮ ಗುಡ್ಡದ ಮೇಲೆ ಬಿದ್ದ ಮಳೆ ಮಣ್ಣು ಕೊಚ್ಚಿಕೊಂಡು ಓಡುವ ಬದಲು ಅಷ್ಟಿಷ್ಟು ನೆಲಕ್ಕೆ ಇಳಿಯುತ್ತದೆ.

ಆದ್ದರಿಂದ ವಿದ್ಯಾರ್ಥಿಗಳೆ, ಈ ವರ್ಷ ಸಸಿ ಬೇಡ. ಒಂದು ನೋಟುಪುಸ್ತಕ ತನ್ನಿರಿ. ಕುರಿಗಾರರನ್ನು, ಉರುವಲು ತರುವ ತಾಯಂದಿರನ್ನು ಕರೆದುಕೊಂಡು ಗುಡ್ಡ ಹತ್ತಿರಿ. ಎಲ್ಲಿ ಕಡಿದ ಬುಡ ಇನ್ನೂ ಚಿಗುರುತ್ತಿದೆ, ಬೇಸಿಗೆಯ ಬೆಂಕಿ ಯಾವ ಕಡೆಯಿಂದ ಬರುತ್ತದೆ, ಮಳೆನೀರು ಎಲ್ಲಿ ಕೊರಕಲು ಬಿಟ್ಟಿದೆ ಎಂದು ಬರೆದುಕೊಳ್ಳಿರಿ. ಎರಡು ಮಳೆಗಾಲ ಯಾವ ಮಗ್ಗಲು ಮೇಯಲು ಬಿಡಬೇಕು, ಯಾವುದನ್ನು ಬಿಡಬಾರದೆಂದು ಅವರ ಬಾಯಿಂದಲೇ ಕೇಳಿರಿ. ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿರಿ. ಓದುವಾಗ ಆ ಕುರಿಗಾರರು ಮುಂದಿನ ಸಾಲಿನಲ್ಲಿ ಕೂತಿರಲಿ.