ಬಾಗಿಲು ತೆರೆಯದ ಹಿರಿಯರು

(ಹಿರಿಯರ ಆರೈಕೆಯ ಕುರಿತ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳು ಹೆತ್ತವರನ್ನು ಕಡೆಗಣಿಸುವುದರ ಕುರಿತು ನಾವು ವೇದಿಕೆಗಳಲ್ಲಿ ಬೇಕಾದಷ್ಟು ಮಾತನಾಡಿದ್ದೇವೆ. ಹಿರಿಯರು ತಮ್ಮನ್ನು ತಾವೇ ಕಡೆಗಣಿಸಿಕೊಳ್ಳುವುದರ ಕುರಿತು ಮಾತನಾಡಿದ್ದು ತೀರಾ ವಿರಳ. ಸ್ನಾನವಿಲ್ಲ, ಬಟ್ಟೆ ಬದಲಿಸುವುದಿಲ್ಲ, ಹೊತ್ತಿಗೆ ಸರಿಯಾಗಿ ಊಟವಿಲ್ಲ. ಹಳೆಯ ಪತ್ರಿಕೆ, ಖಾಲಿ ಡಬ್ಬಿ, ಪ್ಲಾಸ್ಟಿಕ್ ಚೀಲಗಳು ಮಂಚದ ಎತ್ತರಕ್ಕೆ ಬೆಳೆದಿರುತ್ತವೆ. ನೆರವಿಗೆ ಹೋದರೆ ಬಾಗಿಲು ತೆರೆಯುವುದಿಲ್ಲ. ಮೊಹಲ್ಲಾದಲ್ಲಿ ಇದಕ್ಕೆ ಎರಡೇ ವಿವರಣೆ: ಒಂದೋ ಮುದುಕ ಜಿಪುಣ, ಇಲ್ಲವೇ ಮಕ್ಕಳು ಕೃತಘ್ನರು.

ವೈದ್ಯರ ವಿವರಣೆ ಬೇರೆಯೇ ಇದೆ. ಇಂಗ್ಲೆಂಡಿನಲ್ಲಿ ಕ್ಲಾರ್ಕ್ ಮತ್ತವರ ಸಂಗಡಿಗರು ಆಸ್ಪತ್ರೆಗೆ ದಾಖಲಾದ ಇಂತಹ 30 ಮಂದಿ ವೃದ್ಧರ ವಿವರವನ್ನು 1975ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿ, ಈ ಸ್ಥಿತಿಯನ್ನು 'ಡಯೋಜಿನಿಸ್ ಸಿಂಡ್ರೋಮ್' ಎಂದು ಕರೆದರು. (ಹೆಸರು ಸೂಕ್ತವಾದುದಲ್ಲ. ಆ ಗ್ರೀಕ್ ತತ್ವಜ್ಞಾನಿ ಏನನ್ನೂ ಕೂಡಿಡದೆ, ಜನರ ನಡುವೆಯೇ ಬದುಕಿದವನು.) ಆ ಮೂವತ್ತು ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಯಾವ ಮನೋರೋಗವೂ ಇರಲಿಲ್ಲ. ಬಡತನ ಮುಖ್ಯ ಕಾರಣವಾಗಿರಲಿಲ್ಲ. ಅನೇಕರು ಉದ್ಯೋಗ, ವ್ಯವಹಾರಗಳಲ್ಲಿ ಹೆಸರು ಮಾಡಿದ ಬುದ್ಧಿವಂತರು. ಕಬ್ಬಿಣ, ಫೋಲೇಟ್, ವಿಟಮಿನ್ ಬಿ12, ಸಿ, ಡಿ ಮುಂತಾದವುಗಳ ಕೊರತೆ ಅವರಲ್ಲಿ ಕಂಡುಬಂತು. ಸುಮಾರು ಅರ್ಧದಷ್ಟು ಮಂದಿ ಬದುಕಿ ಉಳಿಯಲಿಲ್ಲ.

ಮರೆವಿನ ಕಾಯಿಲೆ, ಖಿನ್ನತೆ, ಸಂಗಾತಿಯ ಅಗಲಿಕೆ, ಹೀಗೆ ಕಾರಣಗಳು ಹಲವು. ಮೆದುಳಿನ ಮುಂಭಾಗಕ್ಕೆ ಹಾನಿಯಾದವರ ಮಾತು ಸರಿಯಾಗಿಯೇ ಇರಬಹುದು, ಹಣದ ಲೆಕ್ಕವೂ ತಪ್ಪದಿರಬಹುದು. ಆದರೆ ಒಂದು ಕೆಲಸವನ್ನು ಆರಂಭಿಸಿ ಮುಗಿಸುವ ಶಕ್ತಿ ಉಡುಗಿರುತ್ತದೆ. ಐದು ನಿಮಿಷ ಮಾತನಾಡಿಸಿ ಬಂದವರು 'ಚೆನ್ನಾಗಿಯೇ ಇದ್ದಾರೆ, ಹಟ ಅಷ್ಟೇ' ಎಂದು ತೀರ್ಪು ನೀಡುವುದು ಇದರಿಂದಲೇ.

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು ಮಗನಿಂದ ಜೀವನಾಂಶ ಕೊಡಿಸಬಲ್ಲದು. ಆ ಜೀವನಾಂಶ ಕೈಗೆ ಬಂದರೂ ಉಣ್ಣದ ತಂದೆಗೆ ಅದು ಏನು ಮಾಡೀತು? ಅಲ್ಲಿ ನೆರೆಹೊರೆಯವರೂ ಬಂಧುಗಳೂ ಬೇಕು.

ಆದರೆ ಯುವಕರ ತಂಡವೊಂದು ನುಗ್ಗಿ, ಒಂದೇ ದಿನದಲ್ಲಿ ಮನೆ ಖಾಲಿ ಮಾಡಿ, ಫೋಟೋ ತೆಗೆಸಿಕೊಳ್ಳುವ ಸೇವೆಯನ್ನು ನಾವು ಮೆಚ್ಚಲಾರೆವು. ಆ ಹಿರಿಯರಿಗೆ ಅದು ಕೊಳ್ಳೆಯಂತೆ ಕಾಣುತ್ತದೆ. ಮರುದಿನ ಬಾಗಿಲಿಗೆ ಇನ್ನೊಂದು ಚಿಲಕ ಬೀಳುತ್ತದೆ. ತಂಡದ ಬದಲು ಒಬ್ಬರೇ ಹೋಗಲಿ, ಪ್ರತಿಸಲವೂ ಅದೇ ವ್ಯಕ್ತಿ ಹೋಗಲಿ. ಒಂಟಿ ವಿಧವೆಯ ಬಳಿಗೆ ಮಹಿಳೆಯೇ ಹೋಗಲಿ. ಊಟದ ಡಬ್ಬಿಯೊಂದಿಗೆ ಹೋಗಿ ಹೊಸ್ತಿಲಲ್ಲೇ ಕುಳಿತರೂ ಸಾಕು. ಮನೆಯ ಕೊಳೆಯ ಮಾತು ಆಮೇಲಿರಲಿ. ಮೊದಲು ಕಣ್ಣು, ಕಿವಿ, ಕಾಲಿನ ನೋವನ್ನು ವಿಚಾರಿಸಬೇಕು. ನಂಬಿಕೆ ಹುಟ್ಟಿದ ಮೇಲೆ ವೈದ್ಯರಲ್ಲಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬಹುದು. ಸಾಮಾನುಗಳಲ್ಲಿ ಮೊದಲು ಸರಿಸಬೇಕಾದುದು ಒಲೆಯ ಬಳಿಯ ಕಾಗದದ ರಾಶಿಯನ್ನು, ಅದೂ ಅವರ ಒಪ್ಪಿಗೆ ಪಡೆದೇ. ಇದಕ್ಕೆ ತಿಂಗಳುಗಳೇ ಬೇಕಾಗಬಹುದು. ಸಲಹೆಗಾಗಿ ಹಿರಿಯರ ಸಹಾಯವಾಣಿ 14567 ಇದೆ.

ಕಾಯಬಾರದ ಸಂದರ್ಭವೂ ಉಂಟು. ಗಾಯ ಕೊಳೆತು ಜ್ವರವೇರಿದ್ದರೆ, ಪ್ರಜ್ಞೆ ಮಂಕಾಗಿದ್ದರೆ, ಮಕ್ಕಳು ಊರಿನಿಂದ ಬರಲಿ ಎಂದು ಕೂರದೆ ತಕ್ಷಣ 108ಕ್ಕೆ ಕರೆ ಮಾಡಬೇಕು.